ಫುಗಾಜಿ ನಿಂತಿತಾ, ನಿಲ್ಲಿಸಿದರಾ?

ಹಳೇಕ್ಯಾಸೆಟ್

ಬಹಳ ದಿನದಿಂದ ತಲೆ ಕೊರೆಯುತ್ತಿರುವ ವಿಷಯ ಇದು. ಇವತ್ತು ಬರೆದೇಬಿಡುತ್ತೇನೆ.

ವಾಷಿಂಗ್ಟನ್ ಡಿ.ಸಿ.ಯ ಪಂಕ್ ಬ್ಯಾಂಡ್ ಫುಗಾಜಿ ಕೊನೆಯ ಸಲ ವೇದಿಕೆ ಹತ್ತಿದ್ದು 2002ರ ನವೆಂಬರ್ 4ರಂದು, ಲಂಡನ್ನಿನ ಫೋರಮ್‌ನಲ್ಲಿ. ಆಮೇಲೆ ಅನಿರ್ದಿಷ್ಟ ಕಾಲದ ಬಿಡುವು. ಜಗಳವಾಗಿ ಒಡೆದದ್ದಲ್ಲ. ವಿದಾಯದ ಪ್ರವಾಸ ಅಂತ ಊರೂರು ಸುತ್ತಲಿಲ್ಲ. 'ಇದೇ ಕೊನೆ' ಅಂತ ಟಿಕೆಟ್ ಬೆಲೆ ಏರಿಸಲಿಲ್ಲ. ಲಂಡನ್ನಿನಿಂದ ಮನೆಗೆ ಹೋದರು, ಅಷ್ಟೇ. ಇಪ್ಪತ್ತು ವರ್ಷ ದಾಟಿತು.

ಇದನ್ನು ಕನ್ನಡದಲ್ಲಿ ಹೇಳಲು ಹೊರಟರೆ ನನಗೆ ಕ್ರಿಯಾಪದವೇ ಸಿಗುತ್ತಿಲ್ಲ. 'ಬ್ಯಾಂಡ್ ನಿಂತಿತು' ಅಂದರೆ ಕೀಲಿ ಮುಗಿದ ಗಡಿಯಾರ ನೆನಪಾಗುತ್ತದೆ. 'ನಿಲ್ಲಿಸಿದರು' ಅಂದರೆ ಯಾರೋ ಸ್ವಿಚ್ ಆರಿಸಿದ ಹಾಗಾಯಿತು. ಎರಡೂ ಸರಿ ಅನಿಸುವುದಿಲ್ಲ. ಈ ಬ್ಯಾಂಡ್ ಬೆಳೆದ ಬಗೆ ನೋಡಿದರೆ ಈ ಬಿಡುವು ಅರ್ಥವಾಗುತ್ತದೆ ಅಂತ ನನ್ನ ನಂಬಿಕೆ. ಅದಕ್ಕೇ ಸ್ವಲ್ಪ ಹಿಂದಿನಿಂದ ಶುರು ಮಾಡುತ್ತೇನೆ.

ಫುಗಾಜಿ ಕಟ್ಟಿದ ಇಯಾನ್ ಮಕೈ ಹದಿಹರೆಯದಲ್ಲಿ ಟೀನ್ ಐಡಲ್ಸ್ ಅನ್ನುವ ಬ್ಯಾಂಡಿನಲ್ಲಿದ್ದರು. ಬಾರಿಸಿದ್ದು ಸುಮಾರು ಒಂದೇ ವರ್ಷ. ಶೋಗಳಿಂದ ಬಂದ ದುಡ್ಡನ್ನು ಯಾರೂ ಹಂಚಿಕೊಳ್ಳದೆ ಒಂದು ಡಬ್ಬಿಯಲ್ಲಿ ಕೂಡಿಟ್ಟಿದ್ದರು. ಬ್ಯಾಂಡ್ ಮುಗಿದಾಗ ಅದರಲ್ಲಿ ಸುಮಾರು 600 ಡಾಲರ್ ಇತ್ತು. ಹಂಚಿಕೊಂಡರೆ ಒಬ್ಬೊಬ್ಬರಿಗೆ ನೂರೈವತ್ತು. ಹಂಚಿಕೊಳ್ಳಲಿಲ್ಲ. ಆ ದುಡ್ಡಿನಲ್ಲಿ ಒಂದು ಪುಟ್ಟ ರೆಕಾರ್ಡ್ ಅಚ್ಚು ಹಾಕಿಸಿದರು. ಡಿಸ್ಕಾರ್ಡ್ ರೆಕಾರ್ಡ್ಸ್ ಹುಟ್ಟಿದ್ದು ಹಾಗೆ, 1980ರಲ್ಲಿ. ರೆಕಾರ್ಡಿನ ಹೊದಿಕೆ ಹೇಗೆ ಮಾಡಬೇಕು ಅಂತ ಯಾರಿಗೂ ಗೊತ್ತಿರಲಿಲ್ಲ. ಹತ್ತಿರ ಇದ್ದ ಒಂದು ಇಂಗ್ಲಿಷ್ ರೆಕಾರ್ಡಿನ ಕವರನ್ನು ಅಂಟು ಬಿಡಿಸಿ ಮೇಜಿನ ಮೇಲೆ ಹರಡಿ, ಅದರ ಅಂಚಿನ ಗುಂಟ ಗೆರೆ ಎಳೆದರು. ಆಮೇಲೆ ಕತ್ತರಿ, ಅಂಟು, ಮಡಿಕೆ. ಸಾವಿರ ಕವರು ಕೈಯಲ್ಲೇ ಆಯಿತು.

ನನಗೆ ಫುಗಾಜಿಯ ಕಥೆ ಪೂರ್ತಿ ಆ ಮೇಜಿನ ಮೇಲೇ ಇದೆ ಅನಿಸುತ್ತದೆ. ಗೊತ್ತಿಲ್ಲದ್ದನ್ನು ಬಿಚ್ಚಿ ನೋಡಿ ಕಲಿಯುವುದು, ಬಂದ ದುಡ್ಡನ್ನು ಕೆಲಸಕ್ಕೇ ಹಾಕುವುದು.

ಮಧ್ಯದ ವರ್ಷಗಳನ್ನು ಬೇಗ ದಾಟುತ್ತೇನೆ. ಮಕೈ ಅವರ ಮುಂದಿನ ಬ್ಯಾಂಡ್ ಮೈನರ್ ಥ್ರೆಟ್ 1983ರಲ್ಲಿ ಮುಗಿಯಿತು. ಮಕೈ ಅವರ ಎಂಬ್ರೇಸ್, ಗೀ ಪಿಚೋಟೊ ಮತ್ತು ಬ್ರೆಂಡನ್ ಕ್ಯಾಂಟಿ ಇದ್ದ ರೈಟ್ಸ್ ಆಫ್ ಸ್ಪ್ರಿಂಗ್, ಎರಡೂ ಹೆಚ್ಚು ದಿನ ಬಾಳಲಿಲ್ಲ. ಹಾಗಾಗಿ ಫುಗಾಜಿ ಕಟ್ಟುವಾಗ ಮಕೈ ಅವಸರ ಮಾಡಲಿಲ್ಲ. ಬಾಸ್‌ಗೆ ಜೋ ಲಾಲಿ ಸಿಕ್ಕರು. (ಕನ್ನಡದಲ್ಲಿ ಬರೆದರೆ ಆ ಹೆಸರು ಜೋಗುಳವೇ ಆಗಿಬಿಡುತ್ತದೆ. ನನಗೆ ಅದು ತುಂಬಾ ಇಷ್ಟ.) ಅದಕ್ಕೆ ಮುಂಚೆ ಲಾಲಿ ಬೀಫೀಟರ್ ಅನ್ನುವ ಬ್ಯಾಂಡಿನ ಜೊತೆ ಸಾಮಾನು ಹೊರುತ್ತಾ ಊರೂರು ತಿರುಗುತ್ತಿದ್ದವರು. ಡ್ರಮ್‌ಗೆ ಕ್ಯಾಂಟಿ ಬಂದರು. ಮೊದಲ ಶೋ 1987ರ ಸೆಪ್ಟೆಂಬರ್ 3, ವಾಷಿಂಗ್ಟನ್ನಿನ ವಿಲ್ಸನ್ ಸೆಂಟರ್. ಆಗ ಇನ್ನೂ ಮೂವರೇ. ಪಿಚೋಟೊ ಆಮೇಲೆ ಸೇರಿದರು. ಮೊದಮೊದಲು ಕೈಯಲ್ಲಿ ಗಿಟಾರ್ ಕೂಡ ಇರಲಿಲ್ಲ, ಬರೀ ಹಾಡು ಮತ್ತು ಕುಣಿತ.

ಅಲ್ಲಿಂದ 2002ರವರೆಗೆ ಹದಿನೈದು ವರ್ಷ, ಸಾವಿರಕ್ಕೂ ಜಾಸ್ತಿ ಶೋ. ಲೆಕ್ಕ ಹಾಕಿದರೆ ವಾರಕ್ಕೊಂದಕ್ಕಿಂತ ಹೆಚ್ಚು. ಅಮೆರಿಕದ 50 ರಾಜ್ಯಗಳು, ಯುರೋಪ್, ಆಸ್ಟ್ರೇಲಿಯಾ, ಜಪಾನ್, ದಕ್ಷಿಣ ಅಮೆರಿಕ. ಮ್ಯಾನೇಜರ್ ಇಲ್ಲ. ದೊಡ್ಡ ಕಂಪನಿ ಇಲ್ಲ. ಮಾರಲು ಟೀ ಶರ್ಟ್ ಕೂಡ ಇಲ್ಲ.

ಇಷ್ಟು ಮಾಡಿದವರು ಯಾಕೆ ಹೀಗೆ ಸದ್ದಿಲ್ಲದೆ ಎದ್ದು ಹೋದರು? ನಿಮಗೇನನಿಸುತ್ತದೆ ಹೇಳಿ.

ಲೆಕ್ಕದಪುಸ್ತಕ

ನಾನು ದುಡ್ಡಿನ ಕಡೆಯಿಂದ ಬರುತ್ತೇನೆ. ಫುಗಾಜಿ ಅಂದ ತಕ್ಷಣ ಎಲ್ಲರೂ ಐದು ಡಾಲರ್ ಟಿಕೆಟ್ ಅನ್ನುತ್ತಾರೆ. ಅದನ್ನು ಔದಾರ್ಯ ಅಂತ ಹೊಗಳಿ ಮುಂದೆ ಹೋಗುತ್ತಾರೆ. ಅದು ಬರೀ ಔದಾರ್ಯ ಅಲ್ಲ, ಅಚ್ಚುಕಟ್ಟಾದ ಲೆಕ್ಕ.

ಐದು ಡಾಲರ್‌ಗೆ ಸಾವಿರ ಜನ ಬಂದರೆ ಐದು ಸಾವಿರ ಡಾಲರ್. ಆಗ ಖರ್ಚು ಎಲ್ಲೆಲ್ಲಿ ಕಡಿಮೆ ಆಗಬೇಕೋ ಅಲ್ಲೆಲ್ಲ ಕಡಿಮೆ ಆಗಲೇಬೇಕು. ಮ್ಯಾನೇಜರ್‌ಗೆ ಪಾಲು ಕೊಡುವಂತಿಲ್ಲ. ಅದಕ್ಕೇ ಶೋಗಳ ಮಾತುಕತೆಯನ್ನು ಮಕೈ ತಾವೇ ಫೋನಿನಲ್ಲಿ ಕೂತು ಮಾಡುತ್ತಿದ್ದರು. ಹೋಟೆಲ್ ಬದಲು ಪರಿಚಯದವರ ಮನೆಯ ನೆಲ. ವಿಮಾನದ ಬದಲು ವ್ಯಾನ್. ಜಾಹೀರಾತಿನ ಬದಲು ಗೋಡೆಗೆ ಅಂಟಿಸಿದ ಚೀಟಿ ಮತ್ತು ಬಾಯಿಂದ ಬಾಯಿಗೆ ಹೋದ ಮಾತು. ಬೆಲೆ ಮೊದಲು ನಿಗದಿಯಾಯಿತು, ಮಿಕ್ಕಿದ್ದೆಲ್ಲ ಆ ಬೆಲೆಗೆ ಹೊಂದಿಕೊಂಡಿತು. ಸಾಮಾನ್ಯವಾಗಿ ಎಲ್ಲರೂ ತಿರುಗಾಮುರುಗಾ ಮಾಡುತ್ತಾರೆ. ಖರ್ಚು ಕೂಡಿಸಿ, ಲಾಭ ಸೇರಿಸಿ, ಆಮೇಲೆ ಬೆಲೆ ಹಾಕುತ್ತಾರೆ.

ಇನ್ನೊಂದು ಷರತ್ತು, ಎಲ್ಲ ವಯಸ್ಸಿನವರಿಗೂ ಪ್ರವೇಶ. ಅಮೆರಿಕದಲ್ಲಿ ಮದ್ಯ ಮಾರುವ ಎಷ್ಟೋ ಕ್ಲಬ್‌ಗಳಲ್ಲಿ ಚಿಕ್ಕ ವಯಸ್ಸಿನವರನ್ನು ಒಳಗೆ ಬಿಡುವುದಿಲ್ಲ. ಆದ್ದರಿಂದ ಇವರು ಚರ್ಚಿನ ಹಾಲ್, ಶಾಲೆಯ ಜಿಮ್, ಸಮುದಾಯ ಭವನ ಅಂತ ಹುಡುಕಿಕೊಂಡು ಹೋಗಬೇಕಾಯಿತು. ಅದೂ ಶ್ರಮ. ಆದರೆ ಹದಿನಾಲ್ಕರ ಹುಡುಗಿಯೊಬ್ಬಳು ಕೈಖರ್ಚಿನ ದುಡ್ಡಿನಲ್ಲಿ ಬಂದು ಮುಂದಿನ ಸಾಲಿನಲ್ಲಿ ನಿಲ್ಲಬಹುದಿತ್ತು.

ಡಿಸ್ಕಾರ್ಡ್ ಕೂಡ ಇದೇ ಲೆಕ್ಕದ ಮೇಲೆ ನಡೆಯಿತು. ಬ್ಯಾಂಡುಗಳ ಜೊತೆ ಕಾಗದದ ಒಪ್ಪಂದ ಇಲ್ಲ. ಖರ್ಚು ಕಳೆದು ಉಳಿದದ್ದನ್ನು ಹಂಚಿಕೊಳ್ಳುವುದು. ತಮ್ಮ ಊರಿನ, ಅಂದರೆ ವಾಷಿಂಗ್ಟನ್ ಸುತ್ತಲಿನ ಬ್ಯಾಂಡುಗಳದ್ದು ಮಾತ್ರ ತರುವುದು. ಹಾಗಿದ್ದೂ 1990ರಲ್ಲಿ ಬಂದ ಫುಗಾಜಿಯ ಆಲ್ಬಮ್ 'ರಿಪೀಟರ್' ಮರುವರ್ಷದ ಹೊತ್ತಿಗೆ 3 ಲಕ್ಷ ಪ್ರತಿ ದಾಟಿತ್ತು. ಹೆಚ್ಚುಕಮ್ಮಿ ಪ್ರಚಾರವೇ ಇಲ್ಲದೆ.

ಇದರಿಂದ ಬಿಡುವಿನ ಬಗ್ಗೆ ನನಗೆ ಕಾಣುವುದು ಇಷ್ಟು. ಇವರ ಮೇಲೆ ಸಾಲ ಇರಲಿಲ್ಲ. ಕಂಪನಿಗೆ ಇನ್ನೂ ಮೂರು ಆಲ್ಬಮ್ ಕೊಡಬೇಕು ಅನ್ನುವ ಕರಾರು ಇರಲಿಲ್ಲ. ನಿಲ್ಲಿಸಬೇಕು ಅನಿಸಿದ ದಿನ ಯಾರ ಅಪ್ಪಣೆಯೂ ಬೇಕಿರಲಿಲ್ಲ. ಎಷ್ಟೋ ಬ್ಯಾಂಡುಗಳಿಗೆ ನಿಲ್ಲುವ ಸ್ವಾತಂತ್ರ್ಯವೇ ಇರುವುದಿಲ್ಲ, ಅಲ್ವಾ?

ಎರಡನೇಗಿಟಾರ್

ಎಲ್ಲರೂ ಐದು ಡಾಲರ್ ಬಗ್ಗೆ ಬರೆಯುತ್ತಾರೆ, ಹಾಡಿನ ಬಗ್ಗೆ ಯಾರೂ ಬರೆಯುವುದಿಲ್ಲ. ನನಗೆ ಇದು ನಿಜಕ್ಕೂ ಬೇಸರದ ವಿಷಯ. ಸಂಗೀತ ಸಪ್ಪೆ ಆಗಿದ್ದರೆ ಆ ಬೆಲೆಗೆ ಯಾರು ಬರುತ್ತಿದ್ದರು? ಪುಕ್ಕಟೆ ಕೊಟ್ಟರೂ ಬರುತ್ತಿರಲಿಲ್ಲ.

'ವೇಟಿಂಗ್ ರೂಮ್' ಅನ್ನುವ ಹಾಡು ತೆಗೆದುಕೊಳ್ಳಿ. ಮೊದಲು ಲಾಲಿ ಅವರ ಬಾಸ್ ಒಂದೇ. ಜಮೈಕಾದ ರೆಗ್ಗೆ ಸಂಗೀತ ಕೇಳಿದವರಿಗೆ ಅದರ ನಡೆ ಗೊತ್ತಾಗುತ್ತದೆ, ನೆಲಕ್ಕೆ ಅಂಟಿಕೊಂಡು ಹೋಗುವ ನಡೆ. ಡ್ರಮ್ ಸೇರುತ್ತದೆ, ಗಿಟಾರ್ ಸೇರುತ್ತದೆ. ಇನ್ನೇನು ಹಾಡು ಶುರುವಾಯಿತು ಅನ್ನುವಷ್ಟರಲ್ಲಿ ಎಲ್ಲರೂ ಒಟ್ಟಿಗೆ ನಿಲ್ಲುತ್ತಾರೆ. ಪೂರ್ತಿ ಮೌನ. ಮೊದಲ ಸಲ ಕೇಳುವವರು ಏನೋ ಕೆಟ್ಟಿತು ಅಂತ ಮೆಷಿನ್ ಕಡೆ ನೋಡುತ್ತಾರೆ. ಆಮೇಲೆ ಎಲ್ಲರೂ ಒಂದೇ ಏಟಿಗೆ ವಾಪಸ್. ಅಬ್ಬರಿಸುವುದನ್ನು ಎಲ್ಲ ಪಂಕ್ ಬ್ಯಾಂಡುಗಳೂ ಕಲಿತಿದ್ದವು. ಎಲ್ಲಿ ಸುಮ್ನೆ ಇರಬೇಕು ಅನ್ನುವುದನ್ನು ಇಷ್ಟು ಚೆನ್ನಾಗಿ ಕಲಿತವರು ಕಡಿಮೆ.

ಇನ್ನು ಎರಡು ಗಿಟಾರ್. ಮಕೈ ಅವರ ಗಿಬ್ಸನ್ ಎಸ್‌ಜಿ ದಪ್ಪ, ಭಾರ. ಪಿಚೋಟೊ ಅವರ ರಿಕನ್‌ಬ್ಯಾಕರ್ ತೆಳು, ಚೂಪು. ಒಂದು ಗೋಡೆ ಕಟ್ಟುತ್ತದೆ, ಇನ್ನೊಂದು ಅದೇ ಗೋಡೆಯನ್ನು ಗೀರುತ್ತದೆ. 1995ರ 'ರೆಡ್ ಮೆಡಿಸಿನ್' ಆಲ್ಬಮ್ ಕೇಳಿದಾಗ ಇದು ಮೊದಲ ಇ.ಪಿ. (ಕೆಲವೇ ಹಾಡಿನ ಪುಟ್ಟ ರೆಕಾರ್ಡ್) ಮಾಡಿದ ಬ್ಯಾಂಡೇನಾ ಅನಿಸುತ್ತದೆ. 2001ರ ಅಕ್ಟೋಬರಿನಲ್ಲಿ ಬಂದ 'ದಿ ಆರ್ಗ್ಯುಮೆಂಟ್'ನಲ್ಲಿ ಸೆಲ್ಲೋ ಇದೆ, ಎರಡನೇ ಡ್ರಮ್ ಇದೆ, ಪಿಸುಮಾತು ಇದೆ. ಅದರಲ್ಲಿ 'ಕ್ಯಾಶೌಟ್' ಅನ್ನುವ ಹಾಡು ಬಡಾವಣೆಯಿಂದ ಬಡವರನ್ನು ಎಬ್ಬಿಸಿ ಕಟ್ಟಡ ಕಟ್ಟುವವರ ಬಗ್ಗೆ. ಎಷ್ಟು ಮೆಲ್ಲಗೆ ಶುರುವಾಗುತ್ತದೆ ಅಂದರೆ ಸಿಟ್ಟು ಯಾವಾಗ ಬಂತು ಅಂತಲೇ ಗೊತ್ತಾಗುವುದಿಲ್ಲ.

ಅದಕ್ಕೇ ನನಗೆ ಈ ಬಿಡುವು ಸಂಕಟ ಕೊಡುವುದು. ಇಳಿದುಹೋದ ಬ್ಯಾಂಡ್ ನಿಂತರೆ ಒಪ್ಪಿಕೊಳ್ಳಬಹುದು. ಇವರು ತಮ್ಮ ಅತ್ಯುತ್ತಮ ಆಲ್ಬಮ್ ಕೊಟ್ಟು ಒಂದೇ ವರ್ಷಕ್ಕೆ ನಿಂತರು. ಕೇಳುವವರಿಗೂ ಒಂದು ಹಕ್ಕಿರುತ್ತದೆ. ಕನಿಷ್ಠ 'ಮುಗಿಯಿತು' ಅಂತಾದರೂ ಹೇಳಬೇಕಿತ್ತು. ಇಪ್ಪತ್ತು ವರ್ಷ ಬಾಗಿಲು ಓರೆ ಮಾಡಿಟ್ಟರೆ ಹೊರಗೆ ಕಾಯುವವರ ಕಥೆ ಏನು?

ಹೊಸಕಿವಿ

ನಾನು ಈ ಬ್ಯಾಂಡ್ ನಿಂತಾಗ ಹುಟ್ಟೇ ಇರಲಿಲ್ಲ. ಒಂದು ಪ್ರಶ್ನೆ. 1991ರಲ್ಲಿ ನಿರ್ವಾಣ ಅನ್ನುವ ರಾಕ್ ಬ್ಯಾಂಡ್ ದೊಡ್ಡದಾದ ಮೇಲೆ ದೊಡ್ಡ ಕಂಪನಿಗಳು ಇಂಥ ಬ್ಯಾಂಡುಗಳ ಹಿಂದೆ ಬಿದ್ದಿದ್ದವು ಅಂತ ಓದಿದ್ದೆ. ಫುಗಾಜಿಯನ್ನು ಯಾರೂ ಕೇಳಲಿಲ್ಲವಾ? ಮತ್ತೆ ಎಲ್ಲಿಂದ ಕೇಳಲು ಶುರು ಮಾಡಲಿ, ಅದನ್ನೂ ಹೇಳಿ ದಯವಿಟ್ಟು.

ಹಳೇಕ್ಯಾಸೆಟ್

ಕೇಳದೆ ಇರುತ್ತಾರಾ! 1993ರಲ್ಲಿ ನ್ಯೂಯಾರ್ಕಿನ ರೋಸ್‌ಲ್ಯಾಂಡ್ ಬಾಲ್‌ರೂಮಿನ ಶೋ ಹೊತ್ತಿಗೆ ಅಟ್ಲಾಂಟಿಕ್ ರೆಕಾರ್ಡ್ಸ್ ಕಟ್ಟಿದ ಅಹ್ಮೆತ್ ಎರ್ಟೆಗನ್ ಖುದ್ದಾಗಿ ಇವರನ್ನು ನೋಡಲು ವೇದಿಕೆಯ ಹಿಂದಕ್ಕೆ ಬಂದಿದ್ದರು. ಏನು ಬೇಕಾದರೂ ಕೇಳಿ ಅನ್ನುವಂಥ ಆಹ್ವಾನ. ಇವರು ಬೇಡ ಅಂದರು. ಅದೇ ವರ್ಷ 'ಇನ್ ಆನ್ ದಿ ಕಿಲ್ ಟೇಕರ್' ಅಮೆರಿಕದ ಜನಪ್ರಿಯ ಆಲ್ಬಮ್‌ಗಳ ಪಟ್ಟಿಯಾದ ಬಿಲ್‌ಬೋರ್ಡ್ 200ರಲ್ಲಿ 153ನೇ ಜಾಗಕ್ಕೆ ಬಂತು, ಡಿಸ್ಕಾರ್ಡ್ ಹೆಸರಿನಲ್ಲೇ.

ಆ ಆಲ್ಬಮ್ಮಿನದೇ ಇನ್ನೊಂದು ಸಂಗತಿ. ಮೊದಲು ಶಿಕಾಗೋಗೆ ಹೋಗಿ ರೆಕಾರ್ಡಿಂಗ್ ಎಂಜಿನಿಯರ್ ಸ್ಟೀವ್ ಆಲ್ಬಿನಿ ಹತ್ತಿರ ರೆಕಾರ್ಡ್ ಮಾಡಿದರು. ಮನೆಗೆ ಬಂದು ಕೇಳಿದಾಗ ಸಮಾಧಾನ ಆಗಲಿಲ್ಲ. ಅಷ್ಟನ್ನೂ ಪಕ್ಕಕ್ಕಿಟ್ಟು, ಆರ್ಲಿಂಗ್ಟನ್ನಿನ ಇನ್ನರ್ ಇಯರ್ ಸ್ಟುಡಿಯೋದಲ್ಲಿ ಡಾನ್ ಜಿಯೆಂಟಾರಾ ಮತ್ತು ಟೆಡ್ ನೈಸ್ಲಿ ಜೊತೆ ಮೊದಲಿಂದ ಮಾಡಿದರು. ಹೊರಗಿನವರ ಗಡುವು ಇದ್ದಿದ್ದರೆ ಇದು ಸಾಧ್ಯವಿತ್ತಾ?

ರೋಲಿಂಗ್ ಸ್ಟೋನ್ ಪತ್ರಿಕೆ ಸಂದರ್ಶನ ಕೇಳಿದಾಗಲೂ, ಮದ್ಯ ಮತ್ತು ಸಿಗರೇಟಿನ ಜಾಹೀರಾತು ಇಲ್ಲದ ಸಂಚಿಕೆ ಆದರೆ ಸರಿ ಅಂದಿದ್ದರು. ಆದರೆ ಅದೇ ಊರಿನ ಬೇರೆಯವರು ಬೇರೆ ದಾರಿ ಹಿಡಿದರು, ಅದೂ ತಪ್ಪಲ್ಲ. ಡಿಸ್ಕಾರ್ಡ್‌ನಲ್ಲಿದ್ದ ಜಾಬಾಕ್ಸ್ ಅಟ್ಲಾಂಟಿಕ್‌ಗೆ ಹೋಯಿತು. 1994ರಲ್ಲಿ ಅಲ್ಲಿಂದ ಬಂದ ಅವರ ಆಲ್ಬಮ್ ತುಂಬಾ ಒಳ್ಳೆಯದು. ಕಂಪನಿ ಕೈಬಿಟ್ಟ ಮೇಲೆ 1997ರಲ್ಲಿ ಬ್ಯಾಂಡ್ ಮುಗಿಯಿತು. ಎಷ್ಟೋ ವರ್ಷ ಕಳೆದು ಅದೇ ಆಲ್ಬಮ್ಮನ್ನು ಮತ್ತೆ ಹೊರತಂದದ್ದು ಡಿಸ್ಕಾರ್ಡ್. ಬಿಟ್ಟುಹೋದವರು ಅಂತ ಬಾಗಿಲು ಹಾಕಲಿಲ್ಲ. ನನಗೆ ಇದು ಎರ್ಟೆಗನ್ ಪ್ರಸಂಗಕ್ಕಿಂತ ದೊಡ್ಡದು.

ಎಲ್ಲಿಂದ ಶುರು ಅಂದಿರಲ್ಲ, '13 ಸಾಂಗ್ಸ್'. ಮೊದಲ ಎರಡು ಇ.ಪಿ. ಸೇರಿಸಿ 1989ರಲ್ಲಿ ತಂದದ್ದು. ಆಮೇಲೆ ನೇರ 'ದಿ ಆರ್ಗ್ಯುಮೆಂಟ್'. ಮಧ್ಯದ್ದು ನಿಧಾನವಾಗಿ ತುಂಬಿಕೊಳ್ಳಿ.

ಮುಂದಿನಸಾಲು

ಶೋಗಳ ಬಗ್ಗೆ ಯಾರೂ ಹೇಳಲಿಲ್ಲ. ನಾನು ನೋಡಿದ್ದು ಜೆಮ್ ಕೋಹೆನ್ 1999ರಲ್ಲಿ ಹೊರತಂದ 'ಇನ್‌ಸ್ಟ್ರುಮೆಂಟ್' ಚಿತ್ರದಲ್ಲಿ ಮಾತ್ರ, ಆದರೆ ಎಷ್ಟು ಸಲ ನೋಡಿದ್ದೇನೆ ಅಂತ ಲೆಕ್ಕವಿಲ್ಲ. ಹತ್ತು ವರ್ಷಕ್ಕೂ ಹೆಚ್ಚು ಕಾಲ ಚಿತ್ರೀಕರಿಸಿದ್ದು.

ಅದರಲ್ಲಿ ಒಂದು ಜಿಮ್. 1988, ಫಿಲಡೆಲ್ಫಿಯಾ. ಪಿಚೋಟೊ ಹಾಡುತ್ತಾ ಹಾಡುತ್ತಾ ಬ್ಯಾಸ್ಕೆಟ್‌ಬಾಲ್ ಬಳೆಯೊಳಗೆ ಕಾಲು ಸಿಕ್ಕಿಸಿ ತಲೆಕೆಳಗಾಗಿ ಜೋತುಬಿದ್ದಿದ್ದಾರೆ. ಮೈಕ್ ಕೈಯಲ್ಲೇ ಇದೆ. ಹಾಡು ನಿಂತಿಲ್ಲ. ಕೆಳಗಿರುವ ಮೂವರು ತಲೆಯೆತ್ತಿ ಕೂಡ ನೋಡದೆ ಬಾರಿಸುತ್ತಿದ್ದಾರೆ.

ಇನ್ನೊಂದು ದೃಶ್ಯದಲ್ಲಿ ಹಾಡು ನಿಲ್ಲುತ್ತದೆ. ಗುಂಪಿನಲ್ಲಿ ಒಬ್ಬ ಬೇರೆಯವರ ಮೈಮೇಲೆ ಬಿದ್ದು ಗುದ್ದುತ್ತಿದ್ದಾನೆ. ಪಿಚೋಟೊ ಮೈಕ್ ಹಿಡಿದು ಅವನನ್ನೇ ನೋಡಿ ಮಾತಾಡುತ್ತಾರೆ. ನೀನು ಶೋಗೆ ಮುಂಚೆ ಚಿಕ್ಕ ಹುಡುಗನ ಹಾಗೆ ಐಸ್‌ಕ್ರೀಂ ತಿನ್ನುತ್ತಿದ್ದದ್ದನ್ನು ನಾನು ನೋಡಿದ್ದೇನೆ ಅನ್ನುತ್ತಾರೆ. ಆ ಮನುಷ್ಯನ ಗತ್ತೆಲ್ಲ ಇಳಿದುಹೋಗುತ್ತದೆ. ಪೊಲೀಸ್ ಇಲ್ಲ, ಬೌನ್ಸರ್ ಇಲ್ಲ. ಮಾತು ಕೇಳದವರಿಗೆ ಐದು ಡಾಲರ್ ವಾಪಸ್ ಕೊಟ್ಟು ಹೊರಗೆ ಕಳಿಸುತ್ತಿದ್ದರು. ಅದಕ್ಕಂತಲೇ ನೋಟು ಹಾಕಿದ ಲಕೋಟೆಗಳನ್ನು ಮೊದಲೇ ತಯಾರು ಮಾಡಿಟ್ಟುಕೊಂಡಿರುತ್ತಿದ್ದರು.

ಇಲ್ಲಿ ಒಂದು ಮಾತು ಸೇರಿಸಲೇಬೇಕು. ಪಂಕ್ ಶೋ ಅಂದರೆ ಒಬ್ಬರಿಗೊಬ್ಬರು ಡಿಕ್ಕಿ ಹೊಡೆಯುವುದು ಅನ್ನುವ ರೂಢಿಯಲ್ಲಿ ಹೆಂಗಸರು, ಚಿಕ್ಕವರು, ಸಣ್ಣ ಮೈಕಟ್ಟಿನವರು ಗೋಡೆಗೆ ಒರಗಿ ಹಿಂದೆ ನಿಲ್ಲಬೇಕಾಗಿತ್ತು. ನನ್ನದೂ ಸಣ್ಣ ಮೈಕಟ್ಟು. ಅಂಥ ಶೋಗಳಲ್ಲಿ ಎರಡು ಸಲ ಬಿದ್ದು ಪೆಟ್ಟು ಮಾಡಿಕೊಂಡಿದ್ದೇನೆ. ಒಂದು ಸಲ ಮಣಿಕಟ್ಟು ಉಳುಕಿ ಒಂದು ತಿಂಗಳು ಪಟ್ಟಿ. ಆಗ ವೇದಿಕೆಯ ಮೇಲಿದ್ದವರಿಗೆ ಅದು ಕಂಡಿತ್ತು, ಕಂಡರೂ ಹಾಡು ಮುಂದುವರಿಸಿದರು. ಅದಕ್ಕೇ ಹಾಡನ್ನು ಅರ್ಧಕ್ಕೆ ನಿಲ್ಲಿಸುವವರನ್ನು ಕಂಡರೆ ನನಗೆ ಅಷ್ಟು ಗೌರವ.

1991ರ ಜನವರಿ 12 ಇನ್ನೊಂದು. ಕೊಲ್ಲಿ ಯುದ್ಧ ಶುರುವಾಗಲು ಐದೇ ದಿನ. ಶ್ವೇತಭವನದ ಎದುರಿನ ಲಫಾಯೆಟ್ ಪಾರ್ಕಿನಲ್ಲಿ, ಚಳಿಯಲ್ಲಿ, ಬಯಲಲ್ಲೇ ನಿಂತು ಬಾರಿಸಿದರು. ಬಾಯಿಯಿಂದ ಹಬೆ ಏಳುವುದು ಕಾಣುತ್ತದೆ.

ಡ್ರಮ್ಮಿನಹಿಂದೆ

ಎರಡನೇಗಿಟಾರ್ ಅವರೇ, ನಿಮ್ಮ ಸಂಕಟ ನನಗೆ ಅರ್ಥವಾಗುತ್ತದೆ. ಆದರೆ ಒಂದು ವಿಷಯ ನೀವು ಬಿಟ್ಟಿರಿ. ಈ ಬ್ಯಾಂಡ್ ಹಾಡುಗಳ ಪಟ್ಟಿ ಇಲ್ಲದೆ ವೇದಿಕೆ ಹತ್ತುತ್ತಿತ್ತು.

ಇದು ಎಷ್ಟು ದೊಡ್ಡ ವಿಷಯ ಅಂತ ಬಾರಿಸುವವರಿಗೆ ಮಾತ್ರ ಗೊತ್ತು. ನನಗೆ ಮುಂದಿನ ಹಾಡು ಯಾವುದು ಅಂತ ಗೊತ್ತಿಲ್ಲದಿದ್ದರೆ ಕೈ ತಣ್ಣಗಾಗುತ್ತದೆ. ಫುಗಾಜಿಯಲ್ಲಿ ಒಬ್ಬರು ಒಂದು ಸ್ವರ ಎತ್ತುತ್ತಿದ್ದರು, ಮಿಕ್ಕ ಮೂವರು ಅಲ್ಲೇ ಹಿಡಿದುಕೊಳ್ಳಬೇಕು. ಆ ಹೊತ್ತಿಗೆ ಅವರ ಹತ್ತಿರ ಹತ್ತಾರು ಹಾಡು. ಎಲ್ಲವೂ ನಾಲ್ವರ ಕೈಯಲ್ಲೂ ಸದಾ ಬಿಸಿಯಾಗಿರಬೇಕು. ಒಂದು ಹಾಡಿನ ಬಾಲ ಇನ್ನೊಂದರ ತಲೆಗೆ ಸೇರಬೇಕು. ಕ್ಯಾಂಟಿ ಅವರ ಡ್ರಮ್ ಪಕ್ಕ ಒಂದು ದೊಡ್ಡ ಗಂಟೆ ಇರುತ್ತಿತ್ತು, ನಿಜವಾದ ಲೋಹದ ಗಂಟೆ. ಅದರ ಒಂದು ಏಟಿಗೆ ಇಡೀ ಬ್ಯಾಂಡ್ ದಿಕ್ಕು ಬದಲಿಸುವುದನ್ನು ಕೇಳಿದ್ದೇನೆ.

ಈಗ ಹೇಳಿ, ಇದರಿಂದ ಒಬ್ಬರು ಹೊರಗೆ ಬಂದರೆ ಬೇರೆ ಯಾರನ್ನು ಕೂರಿಸುತ್ತೀರಿ? ಹಾಡು ಕಲಿಸಬಹುದು. ಹದಿನೈದು ವರ್ಷ ಒಂದೇ ವ್ಯಾನಿನಲ್ಲಿ ಕೂತ ಕಿವಿಯನ್ನು ಕಲಿಸಲು ಆಗುವುದಿಲ್ಲ.

ನಾವೂ ನಾಲ್ವರಿದ್ದೆವು. ದೊಡ್ಡ ಹೆಸರೇನೂ ಇರಲಿಲ್ಲ. ಬಾಸ್ ಬಾರಿಸುತ್ತಿದ್ದವನ ತಂದೆ ಹಾಸಿಗೆ ಹಿಡಿದರು. ಅವನು ಹೇಳಿದ, ಆರು ತಿಂಗಳು ನನ್ನನ್ನು ಬಿಟ್ಟುಬಿಡಿ ಅಂತ. ನಾವು ಬಿಡಲಿಲ್ಲ. ಆಗಲೇ ಒಪ್ಪಿಕೊಂಡಿದ್ದ ಶೋಗಳಿದ್ದವು. ಬೇರೊಬ್ಬರನ್ನು ಕರೆತಂದೆವು. ಒಳ್ಳೆಯ ಕೈ, ನಮ್ಮವನಿಗಿಂತ ಚೊಕ್ಕ. ಮೂರನೇ ಶೋನಲ್ಲಿ ಒಂದು ಹಾಡಿನ ಮಧ್ಯೆ ನಾನು ತಾಳ ಸ್ವಲ್ಪ ಎಳೆದೆ. ನಮ್ಮವನಾಗಿದ್ದರೆ ತಿರುಗಿ ನನ್ನ ಕಡೆ ಒಂದು ನೋಟ ನೋಡಿ ತಾನೂ ಎಳೆಯುತ್ತಿದ್ದ. ಹೊಸಬರು ನೇರ ಹೋದರು. ತಪ್ಪು ಅವರದ್ದಲ್ಲವೇ ಅಲ್ಲ. ಆದರೆ ಅವತ್ತು ರಾತ್ರಿ ಸಿಂಬಲ್ ಬಿಚ್ಚುವಾಗ ನನಗೆ ಅಳು ಬಂತು. ಆರು ತಿಂಗಳು ಕಾದಿದ್ದರೆ ಆಗುತ್ತಿತ್ತು. ಕಾಯಲಿಲ್ಲ. ಬ್ಯಾಂಡೂ ಹೋಯಿತು, ಅವನ ಜೊತೆಗಿನ ಸ್ನೇಹವೂ ಮೊದಲಿನ ಹಾಗೆ ಆಗಲಿಲ್ಲ.

ಫುಗಾಜಿಯವರು ಹೇಳಿದ ಕಾರಣ ಸಂಸಾರ, ಮಕ್ಕಳು, ಮನೆಯವರ ಜವಾಬ್ದಾರಿ. ಇದನ್ನು ಕೇಳಿ ಎಷ್ಟೋ ಜನ ಇಷ್ಟೇನಾ ಅನ್ನುತ್ತಾರೆ. ಇಷ್ಟೇ. ನಾಲ್ವರೂ ಹೌದು ಅಂದರೆ ಮಾತ್ರ ಮಾಡುವುದು ಅಂತ ಹದಿನೈದು ವರ್ಷ ನಡೆದುಕೊಂಡವರು, ನಾಲ್ವರೂ ಹೌದು ಅನ್ನಲು ಆಗದ ದಿನ ಬಂದಾಗ ಮಾಡಲಿಲ್ಲ.

ಎರಡನೇಗಿಟಾರ್

ನಿಮ್ಮ ಬರಹವನ್ನು ಎರಡು ಸಲ ಓದಿದೆ. ಬದಲಿ ವಾದಕರ ವಿಷಯ ಪೂರ್ತಿ ಒಪ್ಪುತ್ತೇನೆ. ಆ ಬಾಸ್ ಗೆಳೆಯನಿಗೆ ಇವತ್ತೇ ಒಂದು ಫೋನ್ ಮಾಡಿ, ದಯವಿಟ್ಟು.

ಆದರೆ ನನ್ನ ಪ್ರಶ್ನೆ ಉಳಿದೇ ಇದೆ. ಮುಗಿಯಿತು ಅಂತ ಯಾಕೆ ಹೇಳಲಿಲ್ಲ?

ಲೆಕ್ಕದಪುಸ್ತಕ

ಮುಗಿದಿಲ್ಲ ಅಂತಲೇ ಇರಬಹುದಲ್ಲ? ಆ ನಾಲ್ವರು ಆಮೇಲೆ ಏನು ಮಾಡಿದರು ನೋಡಿ. ಮಕೈ ಡ್ರಮ್ಮರ್ ಏಮಿ ಫರೀನಾ ಅವರ ಜೊತೆ ದಿ ಈವನ್ಸ್ ಅನ್ನುವ ಬ್ಯಾಂಡ್ ಮಾಡಿದರು. ಇಬ್ಬರೇ, ಒಂದು ಬ್ಯಾರಿಟೋನ್ ಗಿಟಾರ್, ಒಂದು ಡ್ರಮ್. ಕ್ಲಬ್ ಬಿಟ್ಟು ಸಿಕ್ಕ ಜಾಗದಲ್ಲಿ, ತಮ್ಮದೇ ಸ್ಪೀಕರ್ ಹೊತ್ತುಕೊಂಡು ಹೋಗಿ ಕೂತು ಬಾರಿಸಿದರು. ಲಾಲಿ ಒಂಟಿ ಆಲ್ಬಮ್‌ಗಳನ್ನು ಮಾಡಿದರು, ಕೆಲವು ವರ್ಷ ಇಟಲಿಯಲ್ಲಿದ್ದರು. ಪಿಚೋಟೊ ಬ್ಲಾಂಡ್ ರೆಡ್‌ಹೆಡ್ ಅಂಥ ಬ್ಯಾಂಡುಗಳ ಆಲ್ಬಮ್ ನಿರ್ಮಿಸಿದರು, ಗಾಯಕ ವಿಕ್ ಚೆಸ್ನಟ್ ಜೊತೆ ಬಾರಿಸಿದರು. ಲಾಲಿ ಮತ್ತು ಕ್ಯಾಂಟಿ, ಆಂಟನಿ ಪಿರೋಗ್ ಅನ್ನುವ ಗಿಟಾರ್ ವಾದಕರ ಜೊತೆ ಮೆಸ್‌ಥೆಟಿಕ್ಸ್ ಕಟ್ಟಿದರು. 2020ರಲ್ಲಿ ಮಕೈ, ಲಾಲಿ, ಫರೀನಾ ಸೇರಿ ಕೋರಿಕಿ ಹೆಸರಿನಲ್ಲಿ ಆಲ್ಬಮ್ ತಂದರು. ಇಬ್ಬಿಬ್ಬರಾಗಿ ಮತ್ತೆ ಮತ್ತೆ ಜೊತೆಯಾಗಿದ್ದಾರೆ. ನಾಲ್ವರೂ ಸೇರಿದಾಗ ಮಾತ್ರ ಅದಕ್ಕೆ ಆ ಹೆಸರು. ಆ ಹೆಸರನ್ನು ಬೇರೆ ಯಾವುದಕ್ಕೂ ಬಳಸಲಿಲ್ಲ.

ಮುಂದಿನಸಾಲು

ಹಳೇಕ್ಯಾಸೆಟ್ ಅವರು ಕ್ರಿಯಾಪದ ಕೇಳಿದ್ದರಲ್ಲ. ನಿನ್ನೆಯಿಂದ ಅದನ್ನೇ ಯೋಚಿಸುತ್ತಿದ್ದೆ. 'ಎತ್ತಿಟ್ಟರು' ಅಂದರೆ ಹೇಗೆ?

ಮನೆಯಲ್ಲಿ ಬೆಲೆಬಾಳುವ ವಸ್ತುವನ್ನು ಉಪಯೋಗಿಸಿ, ಒರೆಸಿ, ಬಟ್ಟೆ ಸುತ್ತಿ ಎತ್ತಿಡುತ್ತೇವೆ. ಬಿಸಾಕಿದ್ದೂ ಅಲ್ಲ, ನಾಳೆ ಖಂಡಿತ ತೆಗೆಯುತ್ತೇವೆ ಅನ್ನುವ ಮಾತು ಕೊಟ್ಟದ್ದೂ ಅಲ್ಲ. ಎತ್ತಿಟ್ಟಿದ್ದೇವೆ. ಎಲ್ಲಿದೆ ಅಂತ ಗೊತ್ತು.

ಇವರು ನಿಜಕ್ಕೂ ಹಾಗೇ ಮಾಡಿದ್ದಾರೆ. ಧ್ವನಿ ನೋಡಿಕೊಳ್ಳುತ್ತಿದ್ದವರು ಶುರುವಿನಿಂದಲೂ ಶೋಗಳನ್ನು ರೆಕಾರ್ಡ್ ಮಾಡುತ್ತಾ ಬಂದಿದ್ದರು. ಮೊದಲು ಕ್ಯಾಸೆಟ್, ಆಮೇಲೆ ಡ್ಯಾಟ್ (ಡಿಜಿಟಲ್ ಟೇಪ್), ಆಮೇಲೆ ಸಿ.ಡಿ. ಎಂಟುನೂರಕ್ಕೂ ಜಾಸ್ತಿ ಶೋ ಉಳಿದಿದ್ದವು. 2011ರ ಡಿಸೆಂಬರ್ 1ರಿಂದ ಅವುಗಳನ್ನು ಒಂದೊಂದಾಗಿ ಜನರಿಗೆ ತೆರೆದಿಟ್ಟರು. ಶುರುವಿಗೆ 130 ಶೋ. ಒಂದಕ್ಕೆ ಎಷ್ಟು ಗೊತ್ತಾ? ಐದು ಡಾಲರ್. ಆಗದವರು ಒಂದು ಡಾಲರ್ ಕೊಡಬಹುದು, ಮನಸ್ಸಿದ್ದವರು ಜಾಸ್ತಿ ಕೊಡಬಹುದು. ಚೆನ್ನಾಗಿ ಬಂದ ಹತ್ತನ್ನು ಆರಿಸಿ ಪೆಟ್ಟಿಗೆ ಮಾಡಿ ಮಾರಬಹುದಿತ್ತು. ಅದು ಬಿಟ್ಟು ತಂತಿ ಹರಿದದ್ದು, ಶ್ರುತಿ ಜಾರಿದ್ದು, ಮಧ್ಯೆ ನಿಂತು ಜನರ ಜೊತೆ ವಾದ ಮಾಡಿದ್ದು, ಎಲ್ಲವನ್ನೂ ಇದ್ದ ಹಾಗೇ ಇಟ್ಟರು.

ಹಳೇಕ್ಯಾಸೆಟ್

ಎತ್ತಿಟ್ಟರು. ಹೌದು. ಇದೇ ಪದ. ಇಷ್ಟು ವರ್ಷ ನನಗೆ ಹೊಳೆದಿರಲಿಲ್ಲ.

ಇದಕ್ಕೆ ನಾನೊಂದು ಸಂಗತಿ ಸೇರಿಸುತ್ತೇನೆ. 'ದಿ ಆರ್ಗ್ಯುಮೆಂಟ್' ಜೊತೆಗೇ 'ಫರ್ನಿಚರ್' ಅನ್ನುವ ಮೂರು ಹಾಡಿನ ಇ.ಪಿ. ಬಂತು. ಅವರು ಸ್ಟುಡಿಯೋದಲ್ಲಿ ಮಾಡಿ ಹೊರತಂದ ಕೊನೆಯ ಹೊಸ ಕೆಲಸ ಅವೆರಡೇ. 'ಫರ್ನಿಚರ್' ಹಾಡು ಮಾತ್ರ ಹೊಸದಲ್ಲ. 1988ರ ಜನವರಿಯಲ್ಲಿ, ಮೊದಲ ಶೋ ಆಗಿ ಇನ್ನೂ ಅರ್ಧ ವರ್ಷವೂ ತುಂಬದಿದ್ದಾಗ ಇನ್ನರ್ ಇಯರ್‌ನಲ್ಲಿ ಒಂದು ಡೆಮೊ (ಆಲ್ಬಮ್‌ಗೆ ಮುಂಚಿನ ಪ್ರಯೋಗದ ರೆಕಾರ್ಡಿಂಗ್) ಮಾಡಿದ್ದರು. ಅದರಲ್ಲಿ ಈ ಹಾಡಿತ್ತು. ಆ ಕ್ಯಾಸೆಟ್ಟನ್ನು ಶೋಗಳಲ್ಲಿ ಸುಮ್ನೆ ಕೊಡುತ್ತಿದ್ದರು, ನಕಲು ಮಾಡಿ ಸ್ನೇಹಿತರಿಗೆ ಹಂಚಿ ಅನ್ನುತ್ತಿದ್ದರು. ಆ ಡೆಮೊವನ್ನೇ 2014ರಲ್ಲಿ ಡಿಸ್ಕಾರ್ಡ್ ಸರಿಯಾಗಿ ಹೊರತಂದಿತು. ಅಂದರೆ ಒಂದು ಹಾಡನ್ನು ಹದಿಮೂರು ವರ್ಷ ಎತ್ತಿಟ್ಟುಕೊಂಡು ಆಮೇಲೆ ತೆಗೆದವರು ಇವರು.

ಎರಡನೇಗಿಟಾರ್ ಅವರೇ, ನೀವು ಕೇಳಿದ್ದಕ್ಕೆ ಇದು ಪೂರ್ತಿ ಉತ್ತರ ಅಲ್ಲ ಅಂತ ನನಗೆ ಗೊತ್ತು.

ಎರಡನೇಗಿಟಾರ್

ಉತ್ತರ ಅಲ್ಲ ನಿಜ. ಕಾಯುವುದು ಕಷ್ಟವೇ. ಆದರೆ ಓರೆ ಬಾಗಿಲು ಅಂತ ನಾನು ಬರೆದದ್ದನ್ನು ವಾಪಸ್ ತಗೊಳ್ಳುತ್ತೇನೆ. ಎಂಟುನೂರು ಶೋ ಹೊರಗಿಟ್ಟವರನ್ನು ಬಾಗಿಲು ಓರೆ ಮಾಡಿದವರು ಅನ್ನಬಾರದಿತ್ತು. ಇವತ್ತಿಗೂ ಆ ಆಲ್ಬಮ್‌ಗಳೆಲ್ಲ ಡಿಸ್ಕಾರ್ಡ್‌ನಲ್ಲಿ ಸಿಗುತ್ತವೆ. ಎಷ್ಟು ಬ್ಯಾಂಡುಗಳ ಹಾಡುಗಳು ಯಾವುದೋ ಕಂಪನಿಯ ಕಪಾಟಿನಲ್ಲಿ ಕೊಳೆಯುತ್ತಿವೆ, ಮಾಡಿದವರ ಕೈಗೇ ಸಿಗದೆ.

ಆದರೂ ಒಂದೇ ಒಂದು ಸಲ ನಾಲ್ವರನ್ನೂ ಒಟ್ಟಿಗೆ ನೋಡಬೇಕು ಅನ್ನುವ ಆಸೆ ಹೋಗುವುದಿಲ್ಲ. ಅದನ್ನು ಮಾತ್ರ ಬಿಡಲಾರೆ.

ಡ್ರಮ್ಮಿನಹಿಂದೆ

ಫೋನ್ ಮಾಡಿದೆ. ಒಂದು ಗಂಟೆ ಮಾತಾಡಿದೆವು. ಅವನ ತಂದೆ ತೀರಿಕೊಂಡು ನಾಲ್ಕು ವರ್ಷ ಆಯಿತಂತೆ, ನನಗೆ ಗೊತ್ತೇ ಇರಲಿಲ್ಲ. ಬಾಸ್ ಮಾರಿಲ್ಲವಂತೆ.

ಹೊಸಕಿವಿ

ಎರಡು ದಿನದಿಂದ ಬೇರೇನೂ ಕೇಳಿಲ್ಲ. ಹಳೇಕ್ಯಾಸೆಟ್ ಸರ್ ಹೇಳಿದ ಕ್ರಮದಲ್ಲೇ ಶುರು ಮಾಡಿದೆ. 'ವೇಟಿಂಗ್ ರೂಮ್' ಮೌನ ಬಂದಾಗ, ಮೊದಲೇ ಓದಿದ್ದರೂ, ಕೈ ತಾನಾಗೇ ಫೋನಿನ ಕಡೆ ಹೋಯಿತು.

ಆಮೇಲೆ ಎರಡೂ 'ಫರ್ನಿಚರ್' ಒಂದರ ಹಿಂದೆ ಒಂದು ಹಾಕಿದೆ. ಮೊದಲು 2001ರದ್ದು, ಆಮೇಲೆ 1988ರ ಡೆಮೊ. ನನಗೆ ಗಿಟಾರ್ ಬಗ್ಗೆ ಹೆಚ್ಚು ತಿಳಿಯದು. ಕಿವಿಗೆ ಬಿದ್ದದ್ದು ಹೇಳುತ್ತೇನೆ. ಡೆಮೊದಲ್ಲಿ ಎಲ್ಲರೂ ಎಲ್ಲಿಗೋ ಹೋಗಲು ಅವಸರದಲ್ಲಿರುವ ಹಾಗಿದೆ. 2001ರದ್ದರಲ್ಲಿ ಅದೇ ದಾರಿ, ಆದರೆ ಒಬ್ಬರು ಇನ್ನೊಬ್ಬರಿಗೆ ಜಾಗ ಬಿಟ್ಟು ನಡೆಯುತ್ತಿದ್ದಾರೆ. ಡೆಮೊವನ್ನು ಇನ್ನೂ ಮೂರು ಸಲ ಕೇಳಿದೆ.

ನಾಳೆ ಒಂದು ಶೋ ಕೊಳ್ಳುತ್ತೇನೆ. ಮೊದಲನೆಯದಾ ಕೊನೆಯದಾ ಅಂತ ಇನ್ನೂ ತೀರ್ಮಾನ ಮಾಡಿಲ್ಲ. ಮುಂದಿನಸಾಲು ಅಕ್ಕ, ನೀವು ಯಾವುದನ್ನು ಮೊದಲು ಕೇಳಿದ್ದು?

ಮುಂದಿನಸಾಲು

ಎರಡೂ ಅಲ್ಲ. ನಾನು ಹುಟ್ಟಿದ ತಿಂಗಳು ಅವರು ಎಲ್ಲಿ ಬಾರಿಸಿದ್ದರು ಅಂತ ಹುಡುಕಿ ಅದನ್ನು ತಗೊಂಡೆ. ನಿನಗೆ ಆ ದಾರಿ ಇಲ್ಲವಲ್ಲ, ನೀನು ಹುಟ್ಟುವಷ್ಟರಲ್ಲಿ ಅವರು ಎತ್ತಿಟ್ಟಿದ್ದರು. ಹಾಗಾಗಿ ನಿನ್ನ ಅಪ್ಪ ಅಮ್ಮನಿಗೆ ನಿನ್ನಷ್ಟೇ ವಯಸ್ಸಾಗಿದ್ದ ವರ್ಷ ಯಾವುದು ಕೇಳು. ಆ ವರ್ಷದ್ದು ಒಂದು ತಗೋ.